ರೈಟರಾ? ಯಾವ ತೋಟದಲ್ಲಿ?

ಕೊಡಗಿನಲ್ಲಿ ಯಾರಾದರೂ ‘ನಾನು ರೈಟರ್’ ಎಂದರೆ ಮುಂದಿನ ಪ್ರಶ್ನೆ ಒಂದೇ: ‘ಯಾವ ತೋಟದಲ್ಲಿ?’ ಇಲ್ಲಿ ರೈಟರ್ ಎಂದರೆ ಕಾಫಿ ತೋಟದಲ್ಲಿ ಕೆಲಸಗಾರರ ಹಾಜರಿ, ಕೊಯ್ಲಿನ ತೂಕ, ಬಟವಾಡೆ ಬರೆಯುವವನು. ನಾಟಕ ಬರೆಯುವವನಿಗೆ ಬೇರೆ ಹೆಸರೇ ಇಲ್ಲ. ಇನ್ನು ಕೈಯಲ್ಲಿ ಸ್ಕ್ರಿಪ್ಟ್ ಇಲ್ಲದೆ ವೇದಿಕೆ ಹತ್ತಿ, ಜನ ಕೊಟ್ಟ ಒಂದು ಮಾತನ್ನು ಹಿಡಿದು ನಿಂತಲ್ಲೇ ದೃಶ್ಯ ಕಟ್ಟಿ ನಗಿಸುವವನಿದ್ದಾನಲ್ಲ, ಇಂಪ್ರೊವ್ ಕಲಾವಿದ, ಅವನಿಗೆ ಹೆಸರೂ ಇಲ್ಲ, ರೇಟೂ ಇಲ್ಲ. ಮದುವೆ ಮನೆಯ ಆಂಕರ್ ಅಂದುಕೊಳ್ಳುತ್ತಾರೆ. ಪೂರ್ತಿ ತಪ್ಪೇನಲ್ಲ, ವರ್ಷದಲ್ಲಿ ಕೆಲವು ತಿಂಗಳು ಅವನು ಅದೇ ಆಗಿರುತ್ತಾನೆ.

ಆಶುವಾಗಿ ಆಡುವುದು, ಕೂತು ಬರೆಯುವುದು ಎರಡೂ ಬೇರೆ ಬೇರೆ ಪ್ರತಿಭೆ ಎಂಬ ಮಾತಿದೆ. ನನಗೆ ಒಪ್ಪಿಗೆಯಿಲ್ಲ. ಎರಡೂ ಒಂದೇ ಕಸುಬಿನ ಎರಡು ತುದಿಗಳು. ಆದರೆ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗುವಾಗ ಏನನ್ನು ಹೊತ್ತೊಯ್ಯಬೇಕು, ಏನನ್ನು ಅಲ್ಲೇ ಬಿಡಬೇಕು ಎಂಬಲ್ಲಿ ಬಹಳ ಜನ ಎಡವುತ್ತಾರೆ. ನಕ್ಕ ಮಾತನ್ನು ಹೊತ್ತೊಯ್ಯುತ್ತಾರೆ, ನಗು ಹುಟ್ಟಿಸಿದ ಸನ್ನಿವೇಶವನ್ನು ಬಿಟ್ಟು ಬರುತ್ತಾರೆ.

ಆಶು ಎಂದರೆ ಬಾಯಿಗೆ ಬಂದದ್ದು ಹೇಳುವುದು ಎಂದುಕೊಂಡವರು ಒಮ್ಮೆ ತಾಳಮದ್ದಳೆ, ಅಂದರೆ ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಬೇಕು. ಸಂಪಾಜೆ, ಚೆಂಬು, ಪೆರಾಜೆ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪ್ರಸಂಗದ ಪದ್ಯ ಮೊದಲೇ ಬರೆದಿಟ್ಟದ್ದು, ಭಾಗವತರು ಅದನ್ನೇ ಹಾಡುತ್ತಾರೆ. ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಮಾತು ಮಾತ್ರ ಎಲ್ಲೂ ಬರೆದಿರುವುದಿಲ್ಲ. ಕರ್ಣ ಕೇಳಿದ್ದಕ್ಕೆ ಶಲ್ಯ ಅಲ್ಲೇ ಉತ್ತರ ಹುಟ್ಟಿಸಬೇಕು. ಕಥೆ ಎಲ್ಲಿಗೆ ಮುಟ್ಟಬೇಕೆಂದು ಇಬ್ಬರಿಗೂ ಗೊತ್ತು, ಯಾವ ದಾರಿಯಲ್ಲಿ ಎಂಬುದು ಇಬ್ಬರಿಗೂ ಗೊತ್ತಿಲ್ಲ. ಮಾಸ್ಟರ್ ಹಿರಣ್ಣಯ್ಯ (1934–2019) ಕಂಪನಿ ನಾಟಕದಲ್ಲಿ ಮಾಡಿದ್ದೂ ಇದೇ. ‘ಲಂಚಾವತಾರ’ ಹತ್ತು ಸಾವಿರಕ್ಕೂ ಮಿಕ್ಕಿ ಪ್ರಯೋಗ ಕಂಡದ್ದು ಕಥೆಯ ಬಲದಿಂದಷ್ಟೇ ಅಲ್ಲ. ಹಂದರ ಹಾಗೇ ಇಟ್ಟುಕೊಂಡು ಮೇಲಿನ ಮಾತನ್ನು ಆಯಾ ದಿನದ ರಾಜಕೀಯಕ್ಕೆ ಹೊಂದಿಸುತ್ತಿದ್ದರು. ನಟ, ನಾಟಕಕಾರ, ಕಂಪನಿಯ ಯಜಮಾನ ಮೂರೂ ಒಬ್ಬರೇ.

ಕೊಡಗಿಗೂ ಈ ಬಗೆಯ ಬಹುವೇಷ ಹೊಸದಲ್ಲ. ಕೊಡವ ಭಾಷೆಗೆ ಯಯಾತಿ, ಸಾವಿತ್ರಿ, ಸುಬ್ರಹ್ಮಣ್ಯ, ಕಾವೇರಿ ಎಂಬ ನಾಟಕಗಳನ್ನು ಕೊಟ್ಟ ಅಪ್ಪಚ್ಚ ಕವಿ (1868–1944) ಊರವರ ಬಾಯಲ್ಲಿ ಇವತ್ತಿಗೂ ‘ಹರದಾಸ ಅಪ್ಪಚ್ಚ ಕವಿ’. ಹರಿಕಥೆ ಹೇಳುವ ಇನ್ನೊಂದು ಕಸುಬು ಹೆಸರಿನ ಮುಂದೆಯೇ ಕೂತಿದೆ. ಇನ್ನು ಮೇ ತಿಂಗಳ ದೇವರಪುರದ ಕುಂಡೆ ಹಬ್ಬ. ಗೋಣಿಕೊಪ್ಪದ ರಸ್ತೆಯಲ್ಲಿ ಜೇನುಕುರುಬ, ಯರವ ಬುಡಕಟ್ಟಿನವರು ವಿಚಿತ್ರ ವೇಷ ತೊಟ್ಟು, ಡಬ್ಬ ಬಡಿಯುತ್ತಾ, ಎದುರಿಗೆ ಸಿಕ್ಕವರನ್ನು ತಡೆದು ಬೈದು ಹಾಡಿ ಕಾಸು ಕೇಳುತ್ತಾರೆ. ಕಸುಬಿನ ಕಣ್ಣಿಂದ ನೋಡಿದರೆ ಬಹಳ ಕಲಿಯುವುದಿದೆ: ಪಲ್ಲವಿ ಬದಲಾಗುವುದಿಲ್ಲ, ಅದರ ಮೇಲೆ ಕೂರುವ ಬೈಗುಳ ಮಾತ್ರ ಎದುರಿಗಿರುವವನ ವೇಷ, ವಾಹನ, ಮುಖ ನೋಡಿ ಹುಟ್ಟುತ್ತದೆ. ಗುಂಪು ಪಲ್ಲವಿ ಹೇಳುವ ಹೊತ್ತಿನಲ್ಲಿ ಮುಂದಾಳಿಗೆ ಮುಂದಿನ ಮಾತು ಯೋಚಿಸಲು ಬಿಡುವು ಸಿಗುತ್ತದೆ. ಈ ರಚನೆಯನ್ನು ಕಲಿಯಿರಿ, ವೇಷವನ್ನು ವೇದಿಕೆಗೆ ತರಬೇಡಿ. ಆ ದಿನ ಬೈಯುವ ಪರವಾನಗಿ ಅವರದು, ಅವರ ದೇವರ ಮುಂದಿನದು. ಟಿಕೆಟ್ ಇಟ್ಟು ಅದನ್ನೇ ನಾವು ಆಡಿದರೆ ಅದು ಅಣಕ.

ಇಂದು ಇಂಪ್ರೊವ್ ಎಂದು ಕರೆಯುವುದರ ಬೇರು ಅಮೆರಿಕದ ಶಿಕಾಗೋದಲ್ಲಿದೆ. ವಯೋಲಾ ಸ್ಪೋಲಿನ್ ಮಕ್ಕಳಿಗೆ ಆಡಿಸುತ್ತಿದ್ದ ರಂಗದ ಆಟಗಳು ಮುಂದೆ ದೊಡ್ಡವರ ವೇದಿಕೆಗೆ ಬಂದವು. 1959ರಲ್ಲಿ ಅಲ್ಲಿ ಶುರುವಾದ ಸೆಕೆಂಡ್ ಸಿಟಿ ಎಂಬ ನಗೆನಾಟಕ ತಂಡದ ಪದ್ಧತಿ ನಾಟಕ ಬರೆಯುವವರಿಗೆ ನೇರ ಉಪಯೋಗಕ್ಕೆ ಬರುವಂಥದ್ದು. ಬರೆದ ಪ್ರದರ್ಶನ ಮುಗಿದ ಮೇಲೆ ನಟರು ಜನರ ಸಲಹೆ ತಗೊಂಡು ಆಶುವಾಗಿ ಆಡುತ್ತಾರೆ. ಚೆನ್ನಾಗಿ ಬಂದದ್ದನ್ನು ಮತ್ತೆ ಮತ್ತೆ ಆಡಿ ಗಟ್ಟಿ ಮಾಡಿ, ಕೊನೆಗೆ ಮುಂದಿನ ಪ್ರದರ್ಶನದ ಸ್ಕ್ರಿಪ್ಟಿಗೆ ಸೇರಿಸುತ್ತಾರೆ. ಆಶು ಅಲ್ಲಿ ಬೀಜದ ಪಾತಿ. ಕೆನಡಾದ ಕ್ಯಾಲ್ಗರಿಯಲ್ಲಿ ಕೀತ್ ಜಾನ್‌ಸ್ಟನ್ 1977ರಲ್ಲಿ ಶುರು ಮಾಡಿದ ಥಿಯೇಟರ್‌ಸ್ಪೋರ್ಟ್ಸ್ ಇನ್ನೊಂದು ದಾರಿ: ಎರಡು ತಂಡ, ಸವಾಲು, ತೀರ್ಪುಗಾರರು, ಅಂಕ. 1997ರಿಂದ ಕೊಡವ ಮನೆತನಗಳ ನಡುವಿನ ಹಾಕಿ ಟೂರ್ನಿ ನೋಡುತ್ತಾ ಬಂದ ಊರಿಗೆ ಈ ಎರಡನೆಯದು ಬೇಗ ಹತ್ತುತ್ತದೆ. ಸೀಟಿ, ಹಳದಿ ಕಾರ್ಡು ಕೈಗೆ ಕೊಟ್ಟರೆ ಸಾಕು, ಪ್ರೇಕ್ಷಕರಿಗೆ ನಿಯಮ ವಿವರಿಸುವ ಐದು ನಿಮಿಷ ಉಳಿಯುತ್ತದೆ.

ಒಂದು ಪ್ರದರ್ಶನಕ್ಕೆ ಐದು ನಟರು, ಒಬ್ಬ ನಿರೂಪಕ, ಲೈಟಿನ ಸ್ವಿಚ್ ಹತ್ತಿರ ಒಬ್ಬ ಬೇಕು. ಈ ಕೊನೆಯವನನ್ನು ಉಳಿತಾಯಕ್ಕೆಂದು ಕೈಬಿಡಬೇಡಿ, ಎಲ್ಲರಿಗಿಂತ ಮುಖ್ಯ ಅವನೇ. ದೃಶ್ಯದ ಅತಿ ದೊಡ್ಡ ನಗು ಬಂದ ಕ್ಷಣದಲ್ಲಿ ಲೈಟ್ ಆರಿಸಿದರೆ ನಾಲ್ಕು ನಿಮಿಷದ ದೃಶ್ಯ ಎದ್ದು ನಿಲ್ಲುತ್ತದೆ. ಅರ್ಧ ನಿಮಿಷ ತಡವಾದರೆ ನಟರು ಅದೇ ಜೋಕಿನ ಬಾಲ ಹಿಡಿದು ಎಳೆಯುತ್ತಾರೆ. ಒಟ್ಟು 70 ನಿಮಿಷ, ಎಂಟೋ ಒಂಬತ್ತೋ ದೃಶ್ಯ, ನಡುವೆ ವಿರಾಮ ಬೇಡ. ಸಮಾಜದ ಕಲ್ಯಾಣ ಮಂಟಪ ಪುಕ್ಕಟೆ ಸಿಕ್ಕರೂ ಬೇಡವೆನ್ನಿ. 600 ಕುರ್ಚಿಯ ಹಾಲಿನಲ್ಲಿ 90 ಜನ ಚದುರಿ ಕೂತರೆ ನಗು ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದಿಲ್ಲ. ಶಾಲೆಯ ದೊಡ್ಡ ಕೊಠಡಿ, ಬರುವವರಿಗಿಂತ ಹತ್ತು ಕುರ್ಚಿ ಕಡಿಮೆ, ಮೊದಲ ಸಾಲು ನಟರಿಂದ ಐದಾರು ಅಡಿಯಲ್ಲಿ. ಸಂಜೆ ಐದಕ್ಕೆ ಶುರು ಮಾಡಿ ಆರೂವರೆಯೊಳಗೆ ಮುಗಿಸಿ. ಸಿದ್ದಾಪುರ, ಪಾಲಿಬೆಟ್ಟದ ಕಡೆಯವರು ಆನೆ ದಾರಿಯಲ್ಲಿ ಮನೆ ಸೇರಬೇಕು, ಎಂಟು ಗಂಟೆಯ ಪ್ರದರ್ಶನಕ್ಕೆ ಅವರು ಬರುವುದಿಲ್ಲ. ಬಂದರೂ ಕೊನೆಯ ಇಪ್ಪತ್ತು ನಿಮಿಷ ಗಡಿಯಾರ ನೋಡುತ್ತಾರೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಮಾಡಿನ ಕೆಳಗೆ ಪ್ರದರ್ಶನ ಇಟ್ಟುಕೊಳ್ಳಲೇಬೇಡಿ. ಮಳೆ ಹಿಡಿದರೆ ಮೂರನೇ ಸಾಲಿಗೆ ಮಾತು ಮುಟ್ಟುವುದಿಲ್ಲ. ಕಾಲರ್ ಮೈಕ್ ಪರಿಹಾರವಲ್ಲ: ಅಪ್ಪಿಕೊಂಡರೆ, ಬಗ್ಗಿದರೆ ಬಟ್ಟೆಗೆ ಉಜ್ಜಿ ಕರಕರ ಅನ್ನುತ್ತದೆ, ಇಂಪ್ರೊವ್‌ನಲ್ಲಿ ಯಾರು ಯಾವಾಗ ಬಗ್ಗುತ್ತಾರೆಂದು ಯಾರಿಗೂ ಗೊತ್ತಿರುವುದಿಲ್ಲ. ಮಾಡಲೇಬೇಕೆಂದಾದರೆ ವೇದಿಕೆಯ ಅಂಚಿನಲ್ಲಿ ಸ್ಟ್ಯಾಂಡ್ ಮೇಲೆ ಎರಡು ಮೈಕ್, ದೃಶ್ಯಕ್ಕೆ ಇಬ್ಬರೇ ನಟರು, ಮಾತಿಗಿಂತ ಮೈ ಹೆಚ್ಚು ಕೆಲಸ ಮಾಡುವ ಆಟಗಳು. ಕರೆಂಟ್ ಹೋಗುವುದಕ್ಕೆ ಎರಡು ದೊಡ್ಡ ಟಾರ್ಚ್ ಪಕ್ಕದಲ್ಲಿರಲಿ.

ಜನರಿಂದ ಸಲಹೆ ಕೇಳುವುದೇ ಒಂದು ವಿದ್ಯೆ. ‘ಯಾವುದಾದರೂ ಒಂದು ಪದ ಹೇಳಿ’ ಎಂದರೆ ಕೊಡಗಿನ ಯಾವ ಮೂಲೆಯಲ್ಲೂ ಬರುವುದು ಮೂರೇ: ಕಾಫಿ, ಆನೆ, ಪಂದಿಕರಿ (ಹಂದಿ ಮಾಂಸದ ಸಾರು). ತಪ್ಪು ಜನರದ್ದಲ್ಲ, ಪ್ರಶ್ನೆಯದ್ದು. ಪ್ರಶ್ನೆ ಕಿರಿದಾದಷ್ಟೂ ಉತ್ತರ ಹೊಸದಾಗಿರುತ್ತದೆ. ‘ನಿಮ್ಮ ಅಟ್ಟದಲ್ಲಿ ಕೆಟ್ಟು ಕೂತಿದ್ದರೂ ಎಸೆಯಲು ಮನಸ್ಸು ಬಾರದ ವಸ್ತು ಯಾವುದು?’ ‘ಯಾರ ಫೋನ್ ಬಂದರೆ ನೀವು ಎತ್ತುವುದಿಲ್ಲ? ಹೆಸರು ಬೇಡ, ಸಂಬಂಧ ಹೇಳಿ.’ ಮೊದಲು ಕೂಗಿದವನ ಮಾತನ್ನೇ ತಗೋಬೇಕೆಂದಿಲ್ಲ. ಮೆಲ್ಲಗೆ ಹೇಳಿ ಪಕ್ಕದವರನ್ನು ನಗಿಸಿದ ಹೆಂಗಸಿನ ಮಾತು ಬಹುತೇಕ ಸಲ ಹೆಚ್ಚು ಚಿನ್ನ.

ನಟರ ತಾಲೀಮಿನಲ್ಲಿ ಜೋಕು ಕಲಿಸುವುದಿಲ್ಲ, ಕೇಳಿಸಿಕೊಳ್ಳುವುದನ್ನು ಕಲಿಸಬೇಕು. ವಾರಕ್ಕೆರಡು ದಿನ, ಎರಡೆರಡು ಗಂಟೆ. ಮೊದಲ ಹತ್ತು ನಿಮಿಷ ಕೊನೆಯ ಪದದ ಆಟ: ಎದುರಿನವರು ಮಾತು ಮುಗಿಸಿದ ಪದದಿಂದಲೇ ನಿಮ್ಮ ಮಾತು ಶುರುವಾಗಬೇಕು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಈ ಆಟ ನಮಗೆ ಕಷ್ಟ, ಅದಕ್ಕೇ ಲಾಭವೂ ಜಾಸ್ತಿ: ‘ಮಾಡ್ತಾನೆ’ಯೋ ‘ಮಾಡಲ್ಲ’ವೋ ಎಂದು ಗೊತ್ತಾಗಲು ಪೂರ್ತಿ ಕೇಳಲೇಬೇಕು. ಆಮೇಲೆ ‘ಹೌದು, ಮತ್ತೆ…’ ಎಂಬ ಮೂಲ ನಿಯಮ. ಎದುರಿನವರು ಕೊಟ್ಟದ್ದನ್ನು ಒಪ್ಪಿ, ಅದಕ್ಕೆ ಒಂದು ಸೇರಿಸು. ಇಲ್ಲೊಂದು ಎಡವಟ್ಟಿದೆ. ನಮ್ಮ ಆಡುಮಾತಿನಲ್ಲಿ ‘ಹೌದು ಮತ್ತೆ!’ ಎಂದರೆ ಮಾತು ಮುಗಿಯಿತು, ಇನ್ನೇನು ಹೇಳುವುದಿದೆ ಎಂದರ್ಥ. ಹೊಸಬರು ಹಾಗೇ ಆಡಿ ನಿಂತುಬಿಡುತ್ತಾರೆ. ‘ಹೌದು, ಅದಕ್ಕೇ…’ ಎಂದು ಹೇಳಿಸಿ, ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ.

ಒಂದು ದೃಶ್ಯ ಹತ್ತಿರದಿಂದ ನೋಡೋಣ. ಸಲಹೆ: ಏಣಿ. ಕರಿಮೆಣಸು ಕೊಯ್ಯುವ ಕಾಲ, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಒರಗಿಸಿದ ಒಂಟಿ ಬಿದಿರಿನ ಏಣಿ, ಮೇಲೆ ಅಣ್ಣ, ಕೆಳಗೆ ತಮ್ಮ. ಕೆಟ್ಟು ಹೋಗುವ ರೀತಿ ಹೀಗಿರುತ್ತದೆ:

‘ಏಣಿ ಗಟ್ಟಿ ಹಿಡ್ಕೊಳೋ.’
‘ಏಣಿ ಎಲ್ಲಿದೆ ಅಣ್ಣ? ಇದು ಹೆಲಿಕಾಪ್ಟರ್!’

ಒಂದು ನಗು ಬರುತ್ತದೆ. ಅಲ್ಲಿಗೆ ದೃಶ್ಯ ಸತ್ತಿತು, ಯಾಕೆಂದರೆ ಅಣ್ಣ ಕಟ್ಟಿದ ಲೋಕವನ್ನು ತಮ್ಮ ಕಿತ್ತು ಹಾಕಿದ. ಇನ್ನು ಮೇಲೆ ಅಣ್ಣ ಏನು ಕಟ್ಟಿದರೂ ಜನ ನಂಬುವುದಿಲ್ಲ. ಒಪ್ಪಿಕೊಂಡು ಆಡಿದರೆ:

‘ಏಣಿ ಗಟ್ಟಿ ಹಿಡ್ಕೊಳೋ.’
‘ಹಿಡ್ಕೊಂಡಿದ್ದೀನಿ ಅಣ್ಣ.’
‘ಅಲುಗ್ತಾ ಇದೆ.’
‘ಏಣಿ ಅಲ್ಲ, ನನ್ನ ಕೈ.’
‘ಕೈ ಎಂಥಕ್ಕೆ ನಡುಗ್ತದೆ?’
‘ಪಾಲಿನ ವಿಷಯ ಮಾತಾಡ್ಬೇಕಿತ್ತು.’
‘ಇಳಿದ ಮೇಲೆ ಮಾತಾಡುವ.’
‘ಇಳಿದ ಮೇಲೆ ನೀನು ಮಾತಾಡಲ್ಲ ಅಣ್ಣ.’

ಇಲ್ಲಿ ಜೋಕು ಎಂದು ಬೆರಳಿಟ್ಟು ತೋರಿಸುವ ಮಾತೇ ಇಲ್ಲ. ಮನೆಯಲ್ಲಿ ಅಣ್ಣ ಮೇಲೆ, ತಮ್ಮ ಕೆಳಗೆ. ಏಣಿಯಲ್ಲೂ ಹಾಗೇ. ಆದರೆ ಇವತ್ತು ಮೇಲಿರುವವನ ಜೀವ ಕೆಳಗಿರುವವನ ಕೈಯಲ್ಲಿ. ಪಾಲಾಗದ ಕುಟುಂಬದ ಆಸ್ತಿಯ ರಗಳೆ ಗೊತ್ತಿರುವ ಊರಿನಲ್ಲಿ ನಗುವಿನ ಜೊತೆ ಒಂದು ಸಣ್ಣ ಮೌನವೂ ಬರುತ್ತದೆ. ಆ ಮೌನ ಬಂತೋ ಇಲ್ಲವೋ ಎಂಬುದನ್ನು ಬರೆಯುವವನು ಗುರುತು ಹಾಕಿಕೊಳ್ಳಬೇಕು.

ಇದನ್ನು ಬರಹಕ್ಕಿಳಿಸುವ ಕ್ರಮ ಹೀಗೆ. ಪ್ರದರ್ಶನವನ್ನು ಹಿಂದಿನ ಸಾಲಿನಿಂದ ಫೋನಿನಲ್ಲಿ ಚಿತ್ರಿಸಿ, ಧ್ವನಿಗೆ ಇನ್ನೊಂದು ಫೋನನ್ನು ವೇದಿಕೆಯ ಹತ್ತಿರ ಇಡಿ. ಒಂದೇ ಸಾಧನ ಹಿಂದೆ ಇಟ್ಟರೆ ಜನರ ನಗುವಿನಡಿ ಮಾತು ಮುಳುಗುತ್ತದೆ. ಮರುದಿನವೇ ಕೂತು ಬರೆದುಕೊಳ್ಳಿ. ವಾರ ಬಿಟ್ಟರೆ ನೆನಪು ಅದನ್ನು ತಿದ್ದಿಬಿಡುತ್ತದೆ. ವೇದಿಕೆಯ ಕನ್ನಡ ನಿಮಿಷಕ್ಕೆ ಸುಮಾರು 100 ಪದ, ಆರು ನಿಮಿಷದ ದೃಶ್ಯ ಎಂದರೆ 600 ಪದ. ಮೂರು ಬಣ್ಣದ ಪೆನ್ಸಿಲ್ ತಗೊಳ್ಳಿ. ಯಾರಿಗೆ ಏನು ಬೇಕು ಎಂದು ಹೇಳುವ ಮಾತಿಗೆ ಕೆಂಪು, ಜಾಗ ಮತ್ತು ವಸ್ತು ಕಟ್ಟುವ ಮಾತಿಗೆ ನೀಲಿ, ಬರೀ ನಗಿಸಿದ ಮಾತಿಗೆ ಕಪ್ಪು. ಕಪ್ಪನ್ನೆಲ್ಲ ಹೊಡೆದು ಹಾಕಿ. ಕೈ ನಡುಗುತ್ತದೆ, ಹೊಡೆಯಿರಿ. ಆ ರಾತ್ರಿ ಕರೆಂಟ್ ಹೋದದ್ದು, ಮುಂದಿನ ಸಾಲಿನ ಮಾವ ಕೆಮ್ಮಿದ್ದು, ನಟ ಮರೆತು ತಡವರಿಸಿದ್ದು, ಇವುಗಳ ನಗು ಆ ರಾತ್ರಿಯದೇ. ಕಾಗದದ ಮೇಲೆ ತಣ್ಣಗಾದ ಕಡುಬು. ಉಳಿಯುವುದು ಇನ್ನೂರು ಪದ.

ಆ ಇನ್ನೂರು ಪದವನ್ನು ನಟರಿಗೆ ಓದಿಸಬೇಡಿ. ಸನ್ನಿವೇಶ ಮಾತ್ರ ಹೇಳಿ ಮತ್ತೆ ಮೂರು ಸಲ ಆಡಿಸಿ, ಒಂದು ಸಲ ಪಾತ್ರ ಅದಲು ಬದಲು ಮಾಡಿ, ಇನ್ನೊಮ್ಮೆ ಬೇರೆಯೇ ಇಬ್ಬರು ನಟರಿಂದ. ಮೂರೂ ಸಲ ತಾನಾಗಿ ಮರಳಿ ಬಂದ ಮಾತು ಸ್ಕ್ರಿಪ್ಟಿಗೆ. ‘ಇಳಿದ ಮೇಲೆ ನೀನು ಮಾತಾಡಲ್ಲ’ ಎಂಬುದು ಬೇರೆ ಬೇರೆ ವೇಷದಲ್ಲಿ ಬಂದೇ ಬರುತ್ತದೆ, ಯಾಕೆಂದರೆ ಅದು ಸನ್ನಿವೇಶದ ಹೊಟ್ಟೆಯಲ್ಲೇ ಇದೆ. ಬರೆಯುವವನ ನಿಜವಾದ ಕೆಲಸ ಆಮೇಲೆ: ಇಂಪ್ರೊವ್ ಎಂದೂ ಉತ್ತರಿಸದ ಎರಡು ಪ್ರಶ್ನೆ. ಇವತ್ತೇ ಯಾಕೆ? (ನಾಳೆ ಸರ್ವೆಯವರು ಬರುತ್ತಾರೆ.) ಈ ದೃಶ್ಯದ ಕೊನೆಗೆ ಏನು ಮೊದಲಿನಂತೆ ಉಳಿಯಲಿಲ್ಲ? (ಅಣ್ಣ ಮಾತು ಕೊಟ್ಟ, ಇಳಿದ, ಆದರೆ ಇನ್ನು ಮುಂದೆ ತಮ್ಮನಿಂದ ಏಣಿ ಹಿಡಿಸುವುದಿಲ್ಲ.) ಇವೆರಡಕ್ಕೆ ಉತ್ತರ ಸಿಗದಿದ್ದರೆ ಅದು ಸ್ಕಿಟ್ ಆಗಿಯೇ ಇರಲಿ, ಎಳೆದು ನಾಟಕ ಮಾಡಬೇಡಿ. ನಲವತ್ತು ನಿಮಿಷದ ನಾಟಕಕ್ಕೆ ಇಂಥ ಹತ್ತು ಬೀಜದಲ್ಲಿ ಎರಡೋ ಮೂರೋ ಮೊಳೆಯುತ್ತವೆ.

ಒಂದು ಮಾತು ಸೇರಿಸಬೇಕು: ಬರೆದ ನಾಟಕವಾದ ಮೇಲೆ ನಿರ್ದೇಶಕರಿಗೆ ನಿಜವಾದ ಏಣಿ ತರುವ ಆಸೆ ಬರುತ್ತದೆ. ತರಬೇಡಿ. ನಿಜದ ಏಣಿ ಹತ್ತಿದ ಕೂಡಲೇ ಜನ ಅಣ್ಣನಿಗೆ ಹೆದರುವುದು ಬಿಟ್ಟು ನಟನಿಗೆ ಹೆದರುತ್ತಾರೆ, ನಗು ನಿಲ್ಲುತ್ತದೆ. ಒಂದೂವರೆ ಅಡಿಯ ಸ್ಟೂಲು, ಕೆಳಗಿನವನು ಒಂದು ಮೊಣಕಾಲೂರಿ ಮೇಲೆ ನೋಡಲಿ. ಎತ್ತರ ಕಣ್ಣಿನಲ್ಲಿ ಹುಟ್ಟುತ್ತದೆ.

ಕೊಡಗಿಗೇ ವಿಶೇಷವಾದ ಎರಡು ಎಚ್ಚರಿಕೆ. ವೇದಿಕೆಯಲ್ಲಿ ಯಾವ ಮನೆಹೆಸರನ್ನೂ ಬಾಯಿಗೆ ತರಬೇಡಿ. ಬೇರೆ ಊರಿನಲ್ಲಿ ಹೆಸರು ಬರೀ ಹೆಸರು. ಇಲ್ಲಿ ಮನೆಹೆಸರು ಹೇಳಿದರೆ ಊರು, ಐನ್‌ಮನೆ (ಕುಟುಂಬದ ಮೂಲಮನೆ), ನಾಲ್ಕು ತಲೆಮಾರು ಎದ್ದು ನಿಲ್ಲುತ್ತವೆ, ಆ ಮನೆಯವರೊಬ್ಬರು ಮೂರನೇ ಸಾಲಿನಲ್ಲಿ ಕೂತೇ ಇರುತ್ತಾರೆ. ‘ಮೇಲಿನ ಮನೆಯವರು’ ಎಂದರೆ ಸಾಕು. ಎರಡನೆಯದು ಭಾಷೆ. ಒಂದೇ ಹಾಲಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಬ್ಯಾರಿ ಆಡುವವರು ಇರುತ್ತಾರೆ. ನಡುವಿನ ನೂಲು ಕನ್ನಡ. ಕನ್ನಡದಲ್ಲಿ ದೃಶ್ಯ ನಡೆಸಿ, ಸಿಟ್ಟು ನೆತ್ತಿಗೇರಿದಾಗ ಪಾತ್ರ ತನ್ನ ಮನೆಮಾತಿಗೆ ಜಾರಲಿ. ಅರ್ಥವಾಗದವರಿಗೂ ಸಿಟ್ಟು ಅರ್ಥವಾಗುತ್ತದೆ. ಅದು ಬಿಟ್ಟು ಬೇರೆಯವರ ಉಚ್ಚಾರಣೆಯನ್ನೇ ಜೋಕು ಮಾಡುವುದು ಸೋಮಾರಿಯ ದಾರಿ, ಹತ್ತು ನಿಮಿಷದಲ್ಲಿ ಹಾಲಿನ ಅರ್ಧ ಭಾಗ ನಿಮ್ಮ ಜೊತೆ ಇರುವುದಿಲ್ಲ.

ಹೊಟ್ಟೆಪಾಡಿನ ಲೆಕ್ಕ ತೋಟದ ಪಂಚಾಂಗದ ಜೊತೆ ಓಡುತ್ತದೆ. ನವೆಂಬರ್‌ನಿಂದ ಜನವರಿ ಶಾಲಾ ವಾರ್ಷಿಕೋತ್ಸವ: ಇಪ್ಪತ್ತು ನಿಮಿಷದ ನಾಟಕ, ನಲವತ್ತು ಮಕ್ಕಳು, ಎಲ್ಲರಿಗೂ ಒಂದಾದರೂ ಮಾತು ಬೇಕು. ಇಂಪ್ರೊವ್ ಬಲ್ಲವನು ಇಲ್ಲಿ ಗೆಲ್ಲುತ್ತಾನೆ, ಯಾಕೆಂದರೆ ಮಕ್ಕಳಿಂದಲೇ ಆಡಿಸಿ ಅವರ ಬಾಯಿಗೆ ಹೊಂದುವ ಮಾತು ಬರೆದರೆ ಯಾರೂ ಮರೆಯುವುದಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ, ಮೆಣಸಿನ ಕೊಯ್ಲು. ಊರವರಿಗೆ ಟಿಕೆಟ್ ಪ್ರದರ್ಶನ ಇಡಬೇಡಿ, ರೆಸಾರ್ಟಿಗೆ ಬರುವ ಬೆಂಗಳೂರಿನ ಕಂಪನಿ ತಂಡಗಳಿಗೆ ಕಾರ್ಯಾಗಾರ ಮಾಡಿ. ಅಲ್ಲಿ ಮ್ಯಾನೇಜರನ್ನು ಮೊದಲ ಆಟಕ್ಕೆ ಕರೆಯಬಾರದು. ಅವರು ಸೋತರೆ ಉಳಿದವರು ನಗಲು ಹೆದರುತ್ತಾರೆ. ಏಪ್ರಿಲ್, ಮೇ ಮದುವೆ. ಮಳೆಗಾಲ ಬರೆಯುವುದಕ್ಕೆ, ಬಾನುಲಿ ನಾಟಕಕ್ಕೆ. ಮಡಿಕೇರಿ ಆಕಾಶವಾಣಿಗೆ ಬರೆಯುವವರು ಏಣಿಯ ದೃಶ್ಯವನ್ನು ಮತ್ತೊಮ್ಮೆ ಬರೆಯಬೇಕಾಗುತ್ತದೆ, ಯಾಕೆಂದರೆ ಕಿವಿಗೆ ಮೇಲೆ ಕೆಳಗೆ ಇಲ್ಲ. ಅಣ್ಣ ಮೈಕಿನಿಂದ ನಾಲ್ಕು ಹೆಜ್ಜೆ ದೂರ, ತಮ್ಮ ಮೈಕಿಗೆ ತುಟಿ ಹಚ್ಚಿ ಮೆಲ್ಲಗೆ. ಬಿದಿರು ಕಿರ್ ಎನ್ನುವ ಒಂದೇ ಸದ್ದು, ಮೂರು ಸಲ. ಸೆಪ್ಟೆಂಬರ್‌ನ ಕೈಲ್‌ಪೊಳ್ದ್, ಅಂದರೆ ಕೊಡವರ ಆಯುಧಪೂಜೆಯ ಹಬ್ಬ, ಕಳೆದ ಮೇಲೆ ದಸರಾ ವೇದಿಕೆಗಳು: ಮಡಿಕೇರಿಯ ಗಾಂಧಿ ಮೈದಾನದ ದೊಡ್ಡ ಜನಸಂದಣಿಗೆ ಇಂಪ್ರೊವ್ ಒಗ್ಗುವುದಿಲ್ಲ, ಬರೆದು ಗಟ್ಟಿಯಾದ ಪ್ರಹಸನವನ್ನೇ ಒಯ್ಯಿರಿ.

ಕೊನೆಗೆ ಹಕ್ಕಿನ ಮಾತು. ಏಣಿಯ ದೃಶ್ಯ ಇಬ್ಬರು ನಟರ ಬಾಯಲ್ಲಿ ಹುಟ್ಟಿ, ಮೂರನೆಯವನ ಕೈಯಲ್ಲಿ ನಾಟಕವಾಯಿತು. ಅದು ಯಾರದ್ದು? ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನಾಟಕ ಕೃತಿ ಬರಹದಲ್ಲೋ ಬೇರೆ ರೀತಿಯಲ್ಲೋ ದಾಖಲಾಗಿರಬೇಕು. ಗಾಳಿಯಲ್ಲಿ ಆಡಿ ಹೋದ ದೃಶ್ಯಕ್ಕೆ ನಾಟಕವೆಂಬ ರಕ್ಷಣೆ ಸಿಗುವುದು ಕಷ್ಟ. ಹಾಗಾಗಿ ಆ ಫೋನ್ ರೆಕಾರ್ಡಿಂಗ್ ನೆನಪಿಗಷ್ಟೇ ಅಲ್ಲ, ಪುರಾವೆಗೂ. ತಾಲೀಮು ಶುರುವಾಗುವ ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಆಡಿ ಹುಟ್ಟಿಸಿದವರ ಹೆಸರು ಎಲ್ಲಿ ಬರುತ್ತದೆ, ಸಂಭಾವನೆಯಲ್ಲಿ ಅವರಿಗೆ ಎಷ್ಟು, ಬೇರೆ ತಂಡ ಆಡಲು ಕೇಳಿದರೆ ಯಾರ ಒಪ್ಪಿಗೆ ಬೇಕು. ಎಲ್ಲರೂ ಸಹಿ ಹಾಕಿ, ತಾರೀಕು ಹಾಕಿ, ಒಬ್ಬೊಬ್ಬರ ಕೈಗೂ ಒಂದು ಪ್ರತಿ. ನಾಟಕ ಹಿಟ್ ಆದ ಮೇಲೆ ಈ ಮಾತೆತ್ತುವುದೆಂದರೆ ಅಣ್ಣ ಏಣಿ ಇಳಿದ ಮೇಲೆ ಪಾಲು ಕೇಳಿದಂತೆ. ಪ್ರತಿ ಹಾಳೆಯ ತಲೆಯಲ್ಲಿ ಕರಡಿನ ಸಂಖ್ಯೆಯೂ ಇರಲಿ. ಇಲ್ಲದಿದ್ದರೆ ಪ್ರದರ್ಶನದ ಹಿಂದಿನ ದಿನ ತಮ್ಮ ಮೂರನೇ ಕರಡು, ಅಣ್ಣ ಐದನೇ ಕರಡು ಬಾಯಿಪಾಠ ಮಾಡಿಕೊಂಡು ಬಂದಿರುತ್ತಾರೆ.